ಐವತ್ತಕ್ಕೆ ಐವತ್ತು ತೆಗೆದ ಲ್ಯಾಬಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜಿನ ಹಿಂಬದಿಯ ಮೆಟ್ಟಿಲು ಹತ್ತಿ ಬಂದ ಲ್ಯಾಬಕ್ಕ ರಸಾಯನಶಾಸ್ತ್ರದ ಲ್ಯಾಬಿನ ಬೀಗ ತೆಗೆದು ಒಂದೊಂದೇ ಕಿಟಕಿ ತೆರೆಯುತ್ತಾರೆ. ರಾತ್ರಿಯೆಲ್ಲ ಒಳಗೇ ಕೂತಿದ್ದ ಆಮ್ಲದ ಘಾಟು ಮೂಗಿಗೆ ಬಡಿಯುತ್ತದೆ. “ನಡಿ, ನಡಿ, ಆಚೆ ನಡಿ” ಎಂದು ಅದನ್ನೂ ಒಬ್ಬ ತುಂಟ ಹುಡುಗನನ್ನು ಗದರಿದ ಹಾಗೆ ಗದರುತ್ತಾರೆ. ದೀಪ ಹಾಕುವುದಿಲ್ಲ. ಸೀದಾ ಕೊನೆಯ ಬೆಂಚಿನ ಮುಂದೆ ಹೋಗಿ ನಿಂತು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಎಡಗೈ ಬೆಂಚಿನ ಅಂಚು ಹಿಡಿದು ಸಾಗುತ್ತದೆ. ಒಂದು ರಬ್ಬರ್ ಬ್ಯಾಂಡ್ ಸುತ್ತಿದ ಬಾಟಲಿ ಸಿಕ್ಕಿತು, ಅದು ಬಟ್ಟಿ ಇಳಿಸಿದ ನೀರು. ಎರಡು ರಬ್ಬರ್ ಬ್ಯಾಂಡಿನದು ಕ್ಷಾರ. ಮೂರು ಸುತ್ತಿದ್ದು ಆಮ್ಲ, ಅದು ಬಲಗಡೆಯ ಮೂಲೆಯಲ್ಲೇ ಇರಬೇಕು, ಇದೆ. ನಡುವೆ ಬಟ್ಟೆಯ ಸಿಂಬಿಯ ಮೇಲೆ ಗಾಜಿನ ಫ್ಲಾಸ್ಕ್ ಇರಬೇಕಿತ್ತು. ಕೈಗೆ ಬರೀ ಸಿಂಬಿ ಸಿಗುತ್ತದೆ. “ಥೂ ನನ್ನ!” ಎಂದು ಕಣ್ಣು ತೆರೆದು ನೋಡಿದರೆ, ನಿನ್ನೆ ಸಂಜೆ ತೊಳೆದ ಫ್ಲಾಸ್ಕು ಒಂದು ಗೇಣು ಆಚೆ, ಬೆಂಚಿನ ತುದಿಯಲ್ಲಿ ಕೂತಿದೆ. ಅದನ್ನು ತಂದು ಅದರ ಜಾಗದಲ್ಲಿಟ್ಟು, ಮತ್ತೆ ಕಣ್ಣು ಮುಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಇದಿಷ್ಟೂ ಒಬ್ಬ ಹುಡುಗಿಗಾಗಿ. ಕಣ್ಣು ಕಾಣದ, ಆದರೆ ಬಾಯಿ ಮಾತ್ರ ನಾಲ್ಕು ಜನಕ್ಕಾಗುವಷ್ಟಿರುವ ಆ ವಿದ್ಯಾರ್ಥಿನಿಗೆ ಇಡೀ ತರಗತಿ ಇಟ್ಟಿರುವ ಹೆಸರು ಪಟಾಕಿ. “ಒಂದು ಬಾಟಲಿ ಜಾಗ ತಪ್ಪಿತು ಅಂದ್ರೆ ಅವಳ ಕೈ ನೀರಿಗೆ ಹೋಗೋದು ಆಮ್ಲಕ್ಕೆ ಹೋಗುತ್ತೆ” ಎನ್ನುತ್ತಾರೆ ಲ್ಯಾಬಕ್ಕ. “ಆಮೇಲೆ ಅವಳ ಬಾಯಿಗೆ ಸಿಕ್ಕೋಳು ನಾನು. ಆಮ್ಲವೇ ವಾಸಿ.”

ಲ್ಯಾಬಕ್ಕ ಈ ಲ್ಯಾಬಿನ ಅಟೆಂಡರ್. ಗಾಜು ತೊಳೆಯುವುದು, ದ್ರಾವಣ ತುಂಬಿಸಿಡುವುದು, ಗ್ಯಾಸಿನ ನಲ್ಲಿ ನೋಡಿಕೊಳ್ಳುವುದು, ಒಡೆದದ್ದನ್ನು ಗುಡಿಸುವುದು ಇವರ ಕೆಲಸ. ದಿನಕ್ಕೆ ಎರಡು ತಂಡ, ತಂಡಕ್ಕೆ ಮೂವತ್ತು ಮಕ್ಕಳು. ಅಷ್ಟೂ ಮಕ್ಕಳ ಎಂಜಲು ಗಾಜನ್ನು, ಇವರ ಮಾತಲ್ಲೇ ಹೇಳುವುದಾದರೆ, ‘ಬಾಣಂತಿ ಮಗುವಿಗೆ ನೀರು ಹಾಕಿದ ಹಾಗೆ’ ತೊಳೆದಿಡಬೇಕು. ಬೆರಳ ತುದಿಗಳು ಬಿಳಿಚಿ ಒರಟಾಗಿವೆ. ಉಗುರಿಗೆ ಹಳದಿ ಹತ್ತಿ ಯಾವ ಕಾಲವಾಯಿತೋ.

ಶಾಲೆಯಲ್ಲಿ ವಿಜ್ಞಾನವೆಂದರೆ ಪ್ರಾಣ ಬಿಡುತ್ತಿದ್ದರಂತೆ. ಆದರೆ ಆ ಶಾಲೆಯಲ್ಲಿ ಲ್ಯಾಬೇ ಇರಲಿಲ್ಲ. “ಟೆಸ್ಟ್ ಟ್ಯೂಬಿನ ಚಿತ್ರ ಬರೀತಿದ್ದೆ, ಪೆನ್ಸಿಲಲ್ಲಿ ನೆರಳು ಹಾಕಿ ಚೆಂದ ಮಾಡಿ. ಮೇಷ್ಟ್ರು ಎಲ್ಲರಿಗೂ ತೋರಿಸ್ತಿದ್ರು. ನಿಜವಾದ ಟೆಸ್ಟ್ ಟ್ಯೂಬನ್ನ ಕಂಡಿದ್ದು ಮದುವೆಯಾಗಿ ಈ ಕೆಲಸಕ್ಕೆ ಸೇರಿದ ಮೇಲೆ. ಕಂಡಿದ್ದು ಹೇಗೆ? ತೊಳೆಯೋಕೆ!” ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಇವರನ್ನು ಈ ಕಾಲೇಜಿನಲ್ಲಿ ಓದಿದವರು ಯಾರೂ ಮರೆಯುವುದಿಲ್ಲ. ಅದಕ್ಕೆ ಕಾರಣ ಗಾಜಲ್ಲ, ಕಿವಿಮಾತು. ಇಂಥ ಲ್ಯಾಬುಗಳನ್ನು ಕಂಡವರಿಗೆ ಇದು ಗೊತ್ತಿರುವ ಗುಟ್ಟೇ. ಪರೀಕ್ಷೆಯ ದಿನ ಅಳತೆ ತಪ್ಪಿ ಗಾಬರಿಯಾದ ಮಗುವಿನ ಪಕ್ಕದಲ್ಲಿ ಅಟೆಂಡರ್ ಸುಮ್ಮನೆ ಒರೆಸುವ ಬಟ್ಟೆ ಹಿಡಿದು ಹಾದುಹೋಗುತ್ತಾರೆ. ಹೋಗುತ್ತ ಒಂದು ಸಂಖ್ಯೆ ಗೊಣಗುತ್ತಾರೆ. ಬರಬೇಕಾದ ರೀಡಿಂಗು ಅದು. ಬ್ಯೂರೆಟ್ಟು, ಅಂದರೆ ಅಳತೆಯ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆ, ಅದರ ತುದಿಯ ನಲ್ಲಿಯಿಂದ ಹನಿ ಹನಿಯಾಗಿ ದ್ರಾವಣ ಬಿಟ್ಟು, ಕೆಳಗಿನ ಫ್ಲಾಸ್ಕಿನಲ್ಲಿ ಬಣ್ಣ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಖರ್ಚಾಯಿತೆಂದು ಓದಬೇಕು. ಒಂದು ಹನಿ ಹೆಚ್ಚಾದರೂ ಕೆಟ್ಟಿತು. ಅಂಥ ಹೊತ್ತಲ್ಲಿ ಲ್ಯಾಬಕ್ಕನ ಗೊಣಗು ಎಷ್ಟೋ ಮಕ್ಕಳನ್ನು ದಡ ಸೇರಿಸಿದೆ. “ಪಾಪ ಅನ್ಸುತ್ತೆ, ಏನ್ಮಾಡ್ಲಿ? ನನಗೆ ಈ ಪಾಪ ಅನ್ನಿಸೋ ರೋಗ ಮೊದಲಿಂದಲೂ ಇದೆ” ಎನ್ನುತ್ತಾರೆ.

ಆ ರೋಗ ಅತಿಯಾಗಿ ಉಲ್ಬಣಿಸಿದ್ದು ಸಣ್ಣ ದನಿಯವಳ ವಿಷಯದಲ್ಲಿ.

ಆಕೆ ಈ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರಿದ ಮೊದಲ ಕಣ್ಣು ಕಾಣದ ವಿದ್ಯಾರ್ಥಿನಿ. ಪಟಾಕಿಗಿಂತ ಎಷ್ಟೋ ವರ್ಷ ಮೊದಲಿನ ಮಾತು. ತರಗತಿಯಲ್ಲಿ ಹಾಜರಿ ಕೂಗಿದರೆ ಎರಡನೇ ಸಾಲಿಗೂ ಕೇಳಿಸದಷ್ಟು ಮೆಲ್ಲಗೆ ಓಗೊಡುತ್ತಿದ್ದಳು, ಹಾಗಾಗಿ ಆ ಹೆಸರು. ಸಮೀಕರಣಗಳೆಲ್ಲ ಬಾಯಲ್ಲೇ ಇದ್ದವು. ಲೆಕ್ಕವನ್ನು ಮನಸ್ಸಲ್ಲೇ ಮಾಡಿ ಮುಗಿಸುತ್ತಿದ್ದಳು. ಆದರೆ ಲ್ಯಾಬಿಗೆ ಬಿಡುವುದು ಹೇಗೆ? ಬೆಂಕಿ, ಆಮ್ಲ, ಗಾಜು. ದೊಡ್ಡವರೆಲ್ಲ ಕೂತು ಮಾತಾಡಿದರು. ಕೊನೆಗೆ ವಿಭಾಗದ ಮೇಡಂ, ಲ್ಯಾಬಕ್ಕ ಜೊತೆಗಿರುವುದಾದರೆ ಆಗಬಹುದು ಎಂದು ಒಪ್ಪಿಸಿದರು.

“ಹುಡುಗಿಗೆ ಏನೂ ಆಗಬಾರದು, ನೋಡ್ಕೊಳ್ಳಿ ಅಂತ ನಾನೇ ಹೇಳಿದ್ದೆ” ಎಂದು ಮೇಡಂ ಈಗ ನೆನೆಯುತ್ತಾರೆ. ಅವರ ಕೂದಲೀಗ ಪೂರ್ತಿ ಬೆಳ್ಳಗಾಗಿದೆ. “ಏನೂ ಆಗಲಿಲ್ಲ ನೋಡಿ. ಮೂರು ವರ್ಷ ಅವಳಿಗೆ ಆ ಲ್ಯಾಬಿನಲ್ಲಿ ಏನೂ ಆಗಲೇ ಇಲ್ಲ. ನನ್ನ ಪಾಲಿನ ತಪ್ಪನ್ನೂ ಬರೀರಿ.”

ಆ ಮೂರು ವರ್ಷ ನಡೆದದ್ದು ಇಷ್ಟು. ಲ್ಯಾಬಕ್ಕ ಕಿಟಕಿಯ ಪಕ್ಕ, ಬೆಂಚಿನಿಂದ ದೂರ, ಒಂದು ಸ್ಟೂಲು ಹಾಕಿಕೊಟ್ಟರು. “ನೀನು ಇಲ್ಲಿ ತಣ್ಣಗೆ ಕೂತ್ಕೋ ಪುಟ್ಟಾ” ಎಂದರು. ಸಣ್ಣ ದನಿಯವಳು ಕೂತಳು. ಲ್ಯಾಬಕ್ಕನೇ ಅಳೆದರು, ಲ್ಯಾಬಕ್ಕನೇ ಕಾಯಿಸಿದರು, ಲ್ಯಾಬಕ್ಕನೇ ಹನಿ ಬಿಟ್ಟರು. ಈಗ ಏನಾಗ್ತಿದೆ ಅಕ್ಕಾ ಎಂದು ಆಕೆ ಕೇಳಿದರೆ, “ಆಯ್ತು ಆಯ್ತು, ಗುಲಾಬಿ ಬಣ್ಣ ಬಂತು, ಬರ್ಕೋ” ಎಂದು ರೀಡಿಂಗು ಹೇಳಿದರು. ಆಕೆ ಚುಕ್ಕಿಗಳ ಅಕ್ಷರದಲ್ಲಿ ಟಕಟಕ ಒತ್ತಿಕೊಂಡಳು. ಲೆಕ್ಕ ಮಾತ್ರ ಆಕೆಯದು, ಅದರಲ್ಲಿ ಎಂದೂ ತಪ್ಪಿಲ್ಲ.

ಒಂದು ದಿನ ಆಕೆ ಸ್ಟೂಲಿನಿಂದೆದ್ದು, ಹನಿ ಬೀಳುವ ಸದ್ದು ಬಂದ ಕಡೆಗೆ ಮೆಲ್ಲಗೆ ಕೈ ಚಾಚಿದಳು. ಬೆರಳು ಬ್ಯೂರೆಟ್ಟಿಗೆ ಇನ್ನೇನು ತಾಗಬೇಕು, ಲ್ಯಾಬಕ್ಕ ಪಟ್ಟನೆ ಆ ಕೈಗೆ ಒಂದು ಏಟು ಕೊಟ್ಟರು. ಜೋರಾಗಿ ಏನಲ್ಲ, ತಾಯಂದಿರು ಒಲೆಯ ಹತ್ತಿರ ಬಂದ ಮಗುವಿಗೆ ಕೊಡುವಂಥದ್ದು. “ಮುಟ್ಟಬೇಡ, ಒಡೆದುಹೋಗುತ್ತೆ ಅಂದೆ. ಅವಳು ಸಾರಿ ಅಕ್ಕಾ ಅಂತ ಹೋಗಿ ಕೂತ್ಕೊಂಡ್ಳು. ಆಮೇಲೆ ಯಾವತ್ತೂ ಏಳಲಿಲ್ಲ” ಎನ್ನುತ್ತ ಲ್ಯಾಬಕ್ಕ ತಮ್ಮ ಬಲಗೈಯನ್ನು ತಾವೇ ನೋಡಿಕೊಳ್ಳುತ್ತಾರೆ. “ಕತ್ತರಿಸಿ ಹಾಕಬೇಕು ಈ ಕೈಯನ್ನ.”

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲೂ ಲ್ಯಾಬಕ್ಕನೇ ಹನಿ ಬಿಟ್ಟರು, ಸಣ್ಣ ದನಿಯವಳಿಗೆ ಐವತ್ತಕ್ಕೆ ಐವತ್ತು ಬಂತು. ಕಾಲೇಜೇ ಕುಣಿಯಿತು. ಲ್ಯಾಬಕ್ಕ ಮನೆಯ ಬೀದಿಗೆಲ್ಲ ಸಿಹಿ ಹಂಚಿದರು. “ನಮಗೆ ಐವತ್ತಕ್ಕೆ ಐವತ್ತು!” ಎಂದು ಹೇಳಿಕೊಂಡು ಬಂದವರನ್ನು ನೋಡಿ, ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸದ ಅವರ ಗಂಡ, “ನಮಗೆ ಅಂದ್ರೆ? ಪರೀಕ್ಷೆ ಬರೆದಿದ್ದು ಆ ಹುಡುಗೀನೋ ನೀನೋ?” ಎಂದು ಚುಡಾಯಿಸಿದರಂತೆ. ಆಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಸಣ್ಣ ದನಿಯವಳು ಮುಂದಿನ ಓದಿಗೆ ಬೇರೆ ಊರಿನ ದೊಡ್ಡ ಕಾಲೇಜಿಗೆ ಅರ್ಜಿ ಹಾಕಿದಳು. ಅಲ್ಲಿ ಆಯ್ಕೆಗೆ ಲ್ಯಾಬಿನ ಪರೀಕ್ಷೆಯೂ ಇತ್ತು. ಅಲ್ಲಿಯ ಸಹಾಯಕಿ ಒಳ್ಳೆಯವಳೇ. ಆಕೆಯ ಪಕ್ಕ ನಿಂತು, ಏನು ಮಾಡಲಿ ಹೇಳಿ, ನೀವು ಹೇಳಿದ್ದನ್ನಷ್ಟೇ ಮಾಡುತ್ತೇನೆ ಎಂದಳು. ಬ್ಯೂರೆಟ್ಟು ಎಷ್ಟು ಎತ್ತರ, ಎಲ್ಲಿ ಹಿಡಿಯಬೇಕು, ಎಲ್ಲಿಂದ ತುಂಬಬೇಕು, ಸಣ್ಣ ದನಿಯವಳಿಗೆ ಒಂದೂ ಗೊತ್ತಿಲ್ಲ. ಕೊಟ್ಟ ಹೊತ್ತು ಮುಗಿಯುವವರೆಗೂ ಬೆಂಚಿನ ಮುಂದೆ ಸುಮ್ಮನೆ ನಿಂತು ಹೊರಗೆ ಬಂದಳು.

ಪ್ರಮಾಣಪತ್ರ ತೆಗೆದುಕೊಂಡು ಹೋಗಲು ಹಳೆಯ ಕಾಲೇಜಿಗೆ ಬಂದಾಗ ಕಾರಿಡಾರಿನಲ್ಲಿ ಲ್ಯಾಬಕ್ಕ ಸಿಕ್ಕರು. ನಡೆದದ್ದನ್ನೆಲ್ಲ ಹೇಳಿದಳು. ಬೈಯಲಿಲ್ಲ, ಅಳಲಿಲ್ಲ. ಕೊನೆಗೆ ತನ್ನ ಎಂದಿನ ಮೆಲುದನಿಯಲ್ಲಿ ಕೇಳಿದಳಂತೆ: “ಅಕ್ಕಾ, ಬ್ಯೂರೆಟ್ಟಿನ ನಲ್ಲಿ ಯಾವ ಕಡೆಗೆ ತಿರುಗುತ್ತೆ?”

“ಎದೆಗೆ ಒದ್ದ ಹಾಗಾಯ್ತು” ಎನ್ನುತ್ತಾರೆ ಲ್ಯಾಬಕ್ಕ. “ಒಳಗೆ ಕರ್ಕೊಂಡು ಹೋಗಿ ಕೈಗೆ ಕೊಡೋಣ ಅಂದ್ರೆ ಲ್ಯಾಬಲ್ಲಿ ಬೇರೆ ಪರೀಕ್ಷೆ ನಡೀತಿತ್ತು. ಸ್ವಲ್ಪ ಕಾಯ್ತೀಯಾ ಅಂದೆ. ಬಸ್ಸಿದೆ ಅಕ್ಕಾ ಅಂದು ಹೋದ್ಳು.” ಆಕೆ ಮತ್ತೆ ವಿಜ್ಞಾನದ ಕಡೆ ತಲೆ ಹಾಕಲಿಲ್ಲ. ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಫೋನಿನ ಮುಂದೆ ಕೂತು, ಯಾವ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆಂದು ಬಂದ ಕರೆಗಳಿಗೆಲ್ಲ ಹೇಳುವ ಕೆಲಸ. ಒಳ್ಳೆಯ ಕೆಲಸವೇ. ಮರ್ಯಾದೆಯ ಕೆಲಸವೇ. ಆದರೆ ಆಕೆಗೆ ಬೇಕಿದ್ದ ಕೆಲಸವಲ್ಲ.

ಪಾಪ ಎನಿಸಿ ಹಾಗೆ ಮಾಡಿದಿರಿ, ಬಿಡಿ ಎಂದು ಸಮಾಧಾನ ಹೇಳಿದವರಿಗೆ ಲ್ಯಾಬಕ್ಕ ಒಪ್ಪುವುದಿಲ್ಲ. ಒರೆಸುವ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ, ತಡೆದು ತಡೆದು ಹೇಳುತ್ತಾರೆ. “ಪಾಪ ಅನ್ನಿಸಿದ್ದು ಅರ್ಧ ನಿಜ. ಇನ್ನರ್ಧ ಹೇಳ್ಲಾ? ನನಗೆ ಖುಷಿಯಾಗ್ತಿತ್ತು. ಅಷ್ಟು ವರ್ಷ ಬರೀ ತೊಳೆದಿದ್ದೆ. ಅವಳ ನೆಪದಲ್ಲಿ ಬ್ಯೂರೆಟ್ಟು ನನ್ನ ಕೈಗೆ ಬಂತು. ಬಣ್ಣ ತಿರುಗೋದನ್ನ ನಾನು ಮಾಡಿದ್ದು ಅಂತ ನೋಡೋದಿದೆಯಲ್ಲ, ಅದು... ಆಸೆಬುರುಕಿ ನಾನು. ಆ ಐವತ್ತು ನಂದು. ಪಾಸಾಗಿದ್ದು ನಾನು, ಅವಳಲ್ಲ. ಅವಳು ಬರೀ ಕೂತಿದ್ಳು.”

ಹೀಗೆ ಎದೆಯಲ್ಲಿ ಕಲ್ಲಿಟ್ಟುಕೊಂಡು ವರ್ಷಗಳು ಉರುಳಿದ ಮೇಲೆ ಬಂದವಳು ಪಟಾಕಿ. ಮೊದಲ ದಿನವೇ ಕೋಲನ್ನು ಮೂಲೆಗೆ ಒರಗಿಸಿ, “ಯಾರ್ರೀ ಇಲ್ಲಿ ಲ್ಯಾಬಕ್ಕ? ನೀವು ಮುಂದೆ ಬರ್ಬೇಡಿ, ನನ್ನ ಹಿಂದೆ ನಿಂತ್ಕೊಳ್ಳಿ. ಕೇಳಿದ್ರೆ ಹೇಳಿ, ಕೇಳದಿದ್ರೆ ಗೋಡೆ” ಎಂದಳು. ಲ್ಯಾಬಕ್ಕನಿಗೆ ಮೈಯೆಲ್ಲ ಉರಿಯಿತು, ಒಳಗೊಳಗೇ ತಂಪೂ ಆಯಿತು. ಮನೆಯಲ್ಲಿ ಹೇಳಿಕೊಂಡಾಗ ಗಂಡ, “ಗೋಡೆ ಆಗೋದು ಸುಲಭ ಅಂದ್ಕೊಂಡ್ಯಾ? ಗೋಡೆ ಪಾಡು ಏನು ಅಂತ ನನ್ನ ಕೇಳು” ಎಂದರು.

ನಿಜಕ್ಕೂ ಸುಲಭವಿರಲಿಲ್ಲ. ಅಷ್ಟು ಕಾಲದ ಚಾಳಿ ಎಲ್ಲಿ ಹೋಗುತ್ತದೆ? ಬಾಯಿಗೆ ಬೀಗ ಹಾಕಿಕೊಂಡರು ಸರಿ, ಗಂಟಲು ಸುಮ್ಮನಿರಲಿಲ್ಲ. ಪಟಾಕಿಯ ಹನಿಗಳು ಇನ್ನೇನು ಸಾಕು ಎನ್ನುವ ಹೊತ್ತಿಗೆ ಲ್ಯಾಬಕ್ಕನಿಗೆ ತಾನಾಗಿಯೇ ಕೆಮ್ಮು ಬರುತ್ತಿತ್ತು. ಒಂದು ಸಲ ಬಂತು, ಎರಡು ಸಲ ಬಂತು. ಮೂರನೇ ಸಲ ಪಟಾಕಿ ಕೈಯಲ್ಲಿದ್ದುದನ್ನು ಕೆಳಗಿಟ್ಟು, “ಏನಕ್ಕಾ, ಗೋಡೆಗೆ ಶೀತ ಆಗಿದೆಯಾ?” ಎಂದಳು. ಇಡೀ ಲ್ಯಾಬು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳು ಕೈ ಹಚ್ಚಿದೊಡನೆ ಲ್ಯಾಬಕ್ಕ ಬಾಯಿಗೆ ಒಂದು ಲವಂಗ ಹಾಕಿಕೊಂಡು ನಿಲ್ಲುತ್ತಾರೆ.

ಈ ಸಲ ಮೇಡಂ ಮೊದಲೇ ಓದಿ ಕೇಳಿ ದಾರಿಗಳನ್ನು ಹುಡುಕಿ ಇಟ್ಟಿದ್ದರು. ಬ್ಯೂರೆಟ್ಟಿನ ಗೆರೆ ಕಾಣದವರಿಗೆ ಪ್ಲಾಸ್ಟಿಕ್ ಸಿರಿಂಜು, ಅದರ ತಳ್ಳುವ ದಂಟಿಗೆ ಅಳತೆಗೊಂದರಂತೆ ಕಚ್ಚು, ಉಗುರಿನಿಂದ ಎಣಿಸಿಕೊಂಡು ತಳ್ಳಬಹುದು. ಆ ಕಚ್ಚು ಹಾಕುವ ಕೆಲಸ ಲ್ಯಾಬಕ್ಕನದು. ಮೊದಮೊದಲು ಒಂದು ರಾಶಿ ಸಿರಿಂಜು ಹಾಳಾದವು. ಕಚ್ಚು ಆಳವಾದರೆ ದಂಟು ಮುರಿಯುತ್ತದೆ, ಮೇಲೆಮೇಲೆ ಹಾಕಿದರೆ ಉಗುರಿಗೆ ಸಿಗುವುದಿಲ್ಲ. ಬಣ್ಣ ಕಾಣದವರಿಗೆ ಈರುಳ್ಳಿಯ ರಸ. ಕ್ಷಾರದೊಳಗೆ ಅದರ ವಾಸನೆ ಅಡಗಿ ಕೂತಿರುತ್ತದೆ. ಆಮ್ಲ ಹನಿ ಹನಿಯಾಗಿ ಬಿದ್ದು ಕ್ಷಾರ ಮುಗಿದ ಗಳಿಗೆಗೆ ಘಮ್ಮೆಂದು ಏಳುತ್ತದೆ. ಆ ಗಳಿಗೆ ಹಿಡಿಯುವುದೇ ವಿದ್ಯೆ.

ಕಳೆದ ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಪಟಾಕಿಯ ಬಾಯಿ ಅಂದು ಬೆಳಗಿನಿಂದ ಬಂದ್. ಲ್ಯಾಬಕ್ಕ ಅವಳ ಹಿಂದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಸಿರಿಂಜು ತುಂಬುವಾಗ ಪಟಾಕಿಯ ಬೆರಳು ಗಡಗಡ ನಡುಗಿತು. ಮೊದಲ ಸಲ ವಾಸನೆ ಎದ್ದ ಮೇಲೂ ತಳ್ಳಿಬಿಟ್ಟಳು, ಅಳತೆ ಹೆಚ್ಚಾಯಿತು. ಮತ್ತೊಮ್ಮೆ ಮಾಡಲು ಹೊರಟಾಗ ಮೊಣಕೈ ತಾಗಿ ಫ್ಲಾಸ್ಕು ನೆಲಕ್ಕೆ ಬಿದ್ದು ಚೂರಾಯಿತು. ಅದು ಜಾರುವುದು ಲ್ಯಾಬಕ್ಕನಿಗೆ ಕಂಡಿತ್ತು, ಒಂದು ಹೆಜ್ಜೆ ಮುಂದಿಟ್ಟಿದ್ದರೆ ಹಿಡಿಯಬಹುದಿತ್ತು.

ಪರೀಕ್ಷಕರು ಮರುಕದ ಮನುಷ್ಯ. ಲ್ಯಾಬಕ್ಕನ ಕಡೆ ನೋಡಿ, ತಗ್ಗಿದ ದನಿಯಲ್ಲಿ, “ಏನಮ್ಮ ಹಾಗೆ ನಿಂತಿದ್ದೀರಿ? ಪಾಪ, ಸ್ವಲ್ಪ ಮಾಡಿಕೊಡಬಾರದಾ? ನಾನೇನೂ ನೋಡಲ್ಲ” ಎಂದರು. ಲ್ಯಾಬಕ್ಕನಿಗೆ ಕಣ್ಣು ತುಂಬಿಕೊಂಡಿತು. ಬೇಕಾದ ರೀಡಿಂಗು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಲವಂಗದ ಜೊತೆಗೇ ಅಗಿದು ನುಂಗಿ, “ಅವಳು ಕೇಳಿಲ್ಲ ಸಾರ್” ಎಂದರು.

ಪಟಾಕಿ ಬೆಂಚಿನ ಮೇಲಿನ ಖಾಲಿ ಸಿಂಬಿಯನ್ನು ತಡವಿ ನೋಡಿದಳು. ಆಮೇಲೆ, “ಅಕ್ಕಾ, ಗಾಜು ಗುಡಿಸಿ. ಇನ್ನೊಂದು ಫ್ಲಾಸ್ಕು ಸಿಂಬಿ ಮೇಲಿಡಿ. ಅಷ್ಟೇ” ಎಂದಳು. ಲ್ಯಾಬಕ್ಕ ಅಷ್ಟೇ ಮಾಡಿದರು. ಬಂದದ್ದು ಐವತ್ತಕ್ಕೆ ಮೂವತ್ತಾರು. “ಬರೀ ಮೂವತ್ತಾರಾ? ಅನ್ಯಾಯ!” ಎಂದು ಪಟಾಕಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಬಂದು, ಕಚ್ಚು ಇನ್ನೂ ಹತ್ತಿರ ಹತ್ತಿರ ಹಾಕಿದ ಸಿರಿಂಜು ಮಾಡಿಕೊಡಲು ಸಾಧ್ಯವೇ ಎಂದು ಜಗಳ ತೆಗೆದಳು. ಮುಂದಿನ ವರ್ಷ ನೋಡ್ಕೊಳ್ತೀನಿ ಎನ್ನುವುದು ಈಗ ಅವಳ ಹಾಡು.

ಈ ಮೂವತ್ತಾರರ ಸುದ್ದಿಯನ್ನು ಯಾರಿಗೆ ಹೇಳಬೇಕೆಂದು ಲ್ಯಾಬಕ್ಕನಿಗೆ ಗೊತ್ತಿತ್ತು. ಧೈರ್ಯ ಬರಲು ಮಾತ್ರ ಹಲವು ದಿನ ಬೇಕಾಯಿತು. ಒಂದು ಮಧ್ಯಾಹ್ನ ಲ್ಯಾಬು ಖಾಲಿಯಿದ್ದಾಗ ಆಸ್ಪತ್ರೆಯ ಸಂಖ್ಯೆಗೆ ಕರೆ ಮಾಡಿದರು. ಯಾವ ಡಾಕ್ಟರ್ ಬೇಕು ಹೇಳಿ ಎಂದಿತು ಆ ದನಿ. ಸಣ್ಣ ದನಿಯಲ್ಲ ಈಗ, ಪಳಗಿದ, ಸ್ಪಷ್ಟ ದನಿ. ಲ್ಯಾಬಕ್ಕ ತಾನು ಯಾರೆಂದು ಹೇಳಿದರು. ಅಲ್ಲಿಂದ ಅಕ್ಕಾ ಎಂಬ ಮಾತು ಬಂದದ್ದೇ ತಡ, ಕುಶಲ ಕೇಳುವುದನ್ನೂ ಮರೆತು ಪಟಾಕಿಯ ಪರೀಕ್ಷೆಯ ಕತೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಆ ಕಡೆಯವಳು ನಡುವೆ ಬಾಯಿ ಹಾಕದೆ ಕೇಳಿದಳು.

“ಕೈ ನಡುಗಿತಾ ಅವಳಿಗೆ?”

“ನಡುಗಿತು ಪುಟ್ಟಾ. ತುಂಬಾ.”

“ನೀವು ಹಿಡ್ಕೊಂಡ್ರಾ?”

“ಇಲ್ಲ.”

ಫೋನಿನಲ್ಲಿ ಸ್ವಲ್ಪ ಹೊತ್ತು ಆಸ್ಪತ್ರೆಯ ಗದ್ದಲವಷ್ಟೇ ಕೇಳಿಸಿತು. “ಅಳ್ತಿದ್ಳೋ ನಗ್ತಿದ್ಳೋ ತಿಳೀಲಿಲ್ಲ. ಫೋನಲ್ಲಿ ನನಗೂ ಕಣ್ಣು ಕಾಣಲ್ಲವಲ್ಲ” ಎನ್ನುತ್ತಾರೆ ಲ್ಯಾಬಕ್ಕ. ಒಂದಿನ ಲ್ಯಾಬಿಗೆ ಬಾ, ಎಲ್ಲ ಕೈಗೆ ಕೊಡ್ತೀನಿ ಎಂದು ಕರೆದರು. ಈಗ ಬಂದು ಏನು ಮಾಡಲಿ ಅಕ್ಕಾ, ಬೇಡ ಎಂದಳು ಆಕೆ. ಕೋಪವಿರಲಿಲ್ಲ ಆ ಮಾತಿನಲ್ಲಿ. ಇನ್ನೊಂದು ಕರೆ ಕಾಯುತ್ತಿದೆ, ಇಡುತ್ತೇನೆ ಎಂದವಳು ಇಡಲಿಲ್ಲ. ಇಡುವ ಮೊದಲು ಕೇಳಿದಳು:

“ನನ್ನನ್ನೂ ಹಾಗೆ ಬಿಟ್ಟಿದ್ರೆ, ನನಗೆ ಎಷ್ಟು ಬರ್ತಿತ್ತು ಅಕ್ಕಾ?”

ಏನು ಹೇಳಿದಿರಿ ಎಂದರೆ ಲ್ಯಾಬಕ್ಕ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಹೊರಗೆ ಕಾರಿಡಾರಿನಲ್ಲಿ ಮೊದಲ ತಂಡದ ಮಕ್ಕಳ ಗಲಾಟೆ ಹತ್ತಿರವಾಗುತ್ತಿದೆ, ಅದರಲ್ಲಿ ಪಟಾಕಿಯ ದನಿ ಎಲ್ಲರಿಗಿಂತ ಮೇಲೆ. ಲ್ಯಾಬಕ್ಕ ಎದ್ದು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಬೆಂಚಿನ ಕಡೆ ಹೆಜ್ಜೆ ಹಾಕುತ್ತಾರೆ.

“ಗೊತ್ತಿಲ್ಲ ಪುಟ್ಟಾ ಅಂದೆ. ಇನ್ನೇನು ಹೇಳ್ಲಿ? ಹತ್ತು ಬರ್ತಿತ್ತೋ, ನಲವತ್ತು ಬರ್ತಿತ್ತೋ. ಅದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗೋದೇ ಇಲ್ಲ.”